ಬೋಳನ ಸ್ನಾನ

ಕಿವಿಗೆ ನೀರು ಹೋಗದಿರಲಿ ಎಂದು ಹತ್ತಿ ಇಡಲು ಹೋದರೆ ಬೋಳ ಅವಳ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ. ಕಚ್ಚಲಿ. ಬಾಯಿ ಒಂದು ಕಡೆ ಕೆಲಸದಲ್ಲಿದ್ದರೆ ಕಿವಿ ಸುಮ್ಮನಿರುತ್ತದೆ. ಇನ್ನೊಂದು ಕೈಯಿಂದ ಎರಡೂ ಕಿವಿಗೆ ಹತ್ತಿ ಇಟ್ಟು ಮುಗಿಸಿ, ಆಮೇಲೆ ಹೆಬ್ಬೆರಳನ್ನು ವಾಪಸ್ಸು ಕೇಳಿದಳು.

"ಬಿಡು ಮಾರಾಯ. ನಿನ್ನ ಒಳ್ಳೇದಕ್ಕೇ ಮಾಡ್ತಿರೋದು."

ಹೇಳಿದ ಮೇಲೆ ಆ ಮಾತು ಅವಳಿಗೇ ಹಿಡಿಸಲಿಲ್ಲ. ಯಾರು ಯಾರಿಗೆ ಹೇಳಿದರೂ ಆ ಮಾತಿನ ಹಿಂದೆಯೇ ಒಬ್ಬರು ಒದ್ದೆಯಾಗುತ್ತಾರೆ. ಆದರೂ ತಂಬಿಗೆಯನ್ನು ಎತ್ತಿಕೊಂಡಳು.

ಬೋಳ ಬೆಕ್ಕು. ಹುಟ್ಟಿನಿಂದಲೇ ಕೂದಲಿಲ್ಲದ ಜಾತಿ. ಮೀಸೆ ಇದ್ದೂ ಇಲ್ಲದ ಹಾಗೆ, ಹಣೆಯ ತುಂಬ ನೆರಿಗೆ, ಕಿವಿ ಮಾತ್ರ ಯಾರದೋ ದೊಡ್ಡವರದ್ದನ್ನು ಕೇಳಿ ಪಡೆದದ್ದು. ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಒಮ್ಮೆ ಮುಟ್ಟಿದವರು ಕೈ ತೆಗೆಯುವುದಿಲ್ಲ, ಮೈ ಅಷ್ಟು ಬಿಸಿ. ಮೈಯೆಣ್ಣೆಯನ್ನು ಹೀರಿಕೊಳ್ಳಲು ಕೂದಲಿಲ್ಲದ್ದರಿಂದ ಅದು ಚರ್ಮದ ಮೇಲೆಯೇ ಕೂತು, ಮಲಗಿದಲ್ಲೆಲ್ಲ ಕಂದು ಕಲೆ ಬಿಡುತ್ತದೆ. ವಾರಕ್ಕೊಮ್ಮೆ ಮೀಯಿಸಲೇಬೇಕು.

ಇಷ್ಟು ದಿನ ಆ ಕೆಲಸ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನಡೆಯುತ್ತಿತ್ತು. ಅಲ್ಲಿನ ಶಾಂಪೂವಿಗೆ ಸೇಬಿನ ವಾಸನೆ. ಬೋಳ ಸೇಬಾಗಿ ಮನೆಗೆ ಬಂದ ದಿನ ಗಂಡನ ಮೂಗು ಕಟ್ಟುತ್ತಿತ್ತು. ಸೇಬು ಇಳಿದು ಬೆಕ್ಕು ಮೇಲೆ ಬಂದ ದಿನ ಸೀನು ಹತ್ತುತ್ತಿತ್ತು. ಅಂತೂ ಇವೆರಡರ ನಡುವೆ ವಾರದಲ್ಲಿ ಎರಡು ದಿನ ನೆಮ್ಮದಿ.

ಗಂಡನ ಮೂಗು ಎಂದರೆ ನಮ್ಮ ನಿಮ್ಮಂಥ ಮೂಗಲ್ಲ. ಅವನು ಚಹಾ ಕಂಪನಿಯಲ್ಲಿ ರುಚಿ ನೋಡುವವನು. ಸಾಲಾಗಿ ಇಟ್ಟ ಬಿಳಿ ಬಟ್ಟಲುಗಳಿಂದ ಚಮಚದಲ್ಲಿ ಸೊರ್ರೆಂದು ಎಳೆದು, ಬಾಯಲ್ಲಿ ಒಂದು ಸುತ್ತು ತಿರುಗಿಸಿ, ಉಗಿದು, ಒಂದೇ ಮಾತು ಹೇಳುತ್ತಾನೆ. ಹಸಿ. ಸಪ್ಪೆ. ಮುಗ್ಗಲು. ಸರಿ. ಆ ಒಂದು ಮಾತಿನ ಮೇಲೆ ಗೋದಾಮು ತುಂಬುತ್ತದೆ, ಇಲ್ಲ ಖಾಲಿಯಾಗುತ್ತದೆ. ಆದ್ದರಿಂದ ಮನೆಯಲ್ಲಿ ಈರುಳ್ಳಿ ಇಲ್ಲ, ಹೂವಿಲ್ಲ, ಘಮಘಮಿಸುವ ಸಾಬೂನಿಲ್ಲ. ಮದುವೆಗೆ ಮುಂಚೆ ಒಂದು ಸಂಜೆ ಪಾರ್ಕಿನ ಬೆಂಚಿನಲ್ಲಿ ಅವಳ ಪಕ್ಕ ಕೂತು, ಮೂಗನ್ನು ಸ್ವಲ್ಪ ಮೇಲೆತ್ತಿ, "ನಿನಗೆ ಏನೂ ವಾಸನೇನೇ ಇಲ್ಲ" ಅಂದಿದ್ದ. ಅದು ಪ್ರೀತಿ ಎಂದುಕೊಂಡಳು. ತಪ್ಪು ತಿಳಿದಳು ಎನ್ನುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಿಂದ ಇವತ್ತಿನವರೆಗೂ ಬಂದಿಲ್ಲ.

ಹೋದ ತಿಂಗಳು ಮೂಗು ಕಟ್ಟಿದ್ದ ದಿನವೇ ಅವನು ಒಂದು ಬಟ್ಟಲಿಗೆ ತಪ್ಪು ಮಾತು ಹೇಳಿದ. ಮನೆಗೆ ಬಂದು ಜೋರು ಮಾಡಲಿಲ್ಲ. ಜೋರು ಮಾಡುವವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ನಂಗೇನೂ ಅದರ ಮೇಲೆ ದ್ವೇಷ ಇಲ್ಲ" ಅಂದ. "ತೋಟಗಳ ಕಡೆ ಹೋಗಿ ಬರ್ತೀನಿ. ಬಂದ ದಿನ ಮಡಿಲಲ್ಲಿ ಕೂರಿಸ್ಕೊಂಡು ಒಂದು ಕಪ್ ಟೀ ಕುಡೀತೀನಿ. ಕಪ್ ಖಾಲಿ ಆಗೋದ್ರೊಳಗೆ ಸೀನು ಬಂತಾ, ಬೆಕ್ಕನ್ನ ಕೊಟ್ಬಿಡೋಣ. ಬರ್ಲಿಲ್ವಾ, ಇರ್ಲಿ."

"ಯಾರಿಗೆ ಕೊಡೋದು?"

"ಮ್ಯಾನೇಜರ್ ಹೆಂಡತಿ ಕೇಳಿದಾರೆ. ಅವರ ಡ್ರೈವರ್ ಬುಟ್ಟಿ ತರ್ತಾನೆ."

ಅಂದರೆ ಎಲ್ಲ ಮಾತಾಡಿ ಮುಗಿದಿತ್ತು. ಇವತ್ತು ಆ ದಿನ. ಊಟದ ಹೊತ್ತಿಗೆ ಅವನು ಬರುತ್ತಾನೆ, ಜೊತೆಗೆ ಬುಟ್ಟಿ ಬರುತ್ತದೆ. ಅಷ್ಟರೊಳಗೆ ಬೋಳನ ಮೈಯಲ್ಲಿ ಸೀನು ಬರಿಸುವಂಥದ್ದು ಒಂದು ಚೂರೂ ಉಳಿಯಬಾರದು. ಉಳಿಸುವುದಿಲ್ಲ ಎಂದು ಬೆಳಿಗ್ಗೆ ಎದ್ದಾಗಲೇ ತೀರ್ಮಾನ ಮಾಡಿದ್ದಳು. ಕುರ್ಚಿಯ ಮೆತ್ತೆಯ ಹೊದಿಕೆ ತೆಗೆದು ಒಗೆದಾಗಿತ್ತು. ಪರದೆ ಒಗೆದಾಗಿತ್ತು. ನೆಲ ಒರೆಸಿ, ಒರೆಸಿದ ಬಟ್ಟೆಯನ್ನೂ ಕುದಿಸಿದ್ದಳು.

ಅವಳಿಗೆ ಬೋಳ ಬೇಕು. ಅದಕ್ಕೆ ಕಾರಣ ಕೇಳಿದರೆ ಕೊಡಲು ಅವಳ ಹತ್ತಿರ ಏನೂ ಇರಲಿಲ್ಲ. ಅವಳು ಕೆಲಸಕ್ಕೆ ಕೂತಾಗ ಅದು ಸ್ವೆಟರಿನ ಕೆಳಗಿನಿಂದ ನುಗ್ಗಿ ಹೊಟ್ಟೆಗೆ ಬೆನ್ನು ಕೊಟ್ಟು ಮಲಗುತ್ತದೆ. ಕತ್ತು ಬಗ್ಗಿಸಿದರೆ ಕಾಲರಿನ ಸಂದಿಯಿಂದ ಅದರ ವಾಸನೆ ಬರುತ್ತದೆ, ಒಲೆಯ ಪಕ್ಕ ಇಟ್ಟು ಮರೆತ ಹಿಟ್ಟಿನ ವಾಸನೆ. ಈ ಮನೆಯಲ್ಲಿ ವಾಸನೆ ಅಂತ ಇರುವುದು ಅದೊಂದೇ. ಅದನ್ನು ಯಾರಿಗೂ ಹೇಳದೆ ದಿನಕ್ಕೆ ಹತ್ತು ಸಲ ಕತ್ತು ಬಗ್ಗಿಸುತ್ತಿದ್ದಳು. ಈಗ ಬೋಳನನ್ನು ಉಳಿಸಿಕೊಳ್ಳಬೇಕೆಂದರೆ ಅದನ್ನೇ ತೊಳೆಯಬೇಕು. ಸರಿ, ತೊಳೆಯೋಣ.

ಟಬ್ಬಿನ ತಳಕ್ಕೆ ಉಗುರಿಗೆ ಹಿಡಿತ ಸಿಗಲೆಂದು ಒಂದು ಟವೆಲ್ ಹಾಸಿದ್ದಳು. ನೀರು ಮೊಣಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಮೊದಲ ತಂಬಿಗೆ ಬೆನ್ನ ಮೇಲೆ ಬೀಳುತ್ತಲೇ ಬೋಳ ಕಿರುಚಿತು. ಅದೇ ಹೊತ್ತಿಗೆ ಫೋನೂ ಕಿರುಚಿತು. ಮೊಣಕೈಯಿಂದಲೇ ಒತ್ತಿದಳು.

"ಏನೇ ಅದು, ಯಾರನ್ನ ಕೊಲ್ತಿದೀಯ?" ಅಕ್ಕ.

"ಬೆಕ್ಕಿಗೆ ಸ್ನಾನ."

"ಬೆಕ್ಕು ತನ್ನ ಸ್ನಾನ ತಾನೇ ಮಾಡ್ಕೊಳ್ಳುತ್ತಲ್ಲೇ. ನಾಲಿಗೆ ಕೊಟ್ಟಿರೋದ್ಯಾಕೆ?"

"ಇದು ಸೋಮಾರಿ."

"ನಿನ್ನ ಗಂಡನ ಮೂಗಿಗೋಸ್ಕರ ತಾನೆ? ನೆಗಡಿ ಬಂತೂಂತ ಮೂಗು ಕೊಯ್ಕೊಂಡ ಹಾಗಾಯ್ತು. ಒಂದು ಮಾತ್ರೆ ನುಂಗೋಕೆ ಹೇಳು."

"ಮಾತ್ರೆ ತಗೊಂಡ್ರೆ ರುಚಿ ಸತ್ತುಹೋಗುತ್ತಂತೆ."

"ಎಲ್ಲಾ ಅವನ ಮೂಗಿನ ನೇರಕ್ಕೇ ನಡೀಬೇಕು. ನೀನಾದ್ರೂ ಒಂದು ಸಲ ಬಾಯಿಬಿಟ್ಟು ಹೇಳ್ಬಾರ್ದಾ, ಬೆಕ್ಕು ಇಲ್ಲೇ ಇರುತ್ತೆ ಅಂತ?"

"ಅಕ್ಕ, ಈಗ ಶಾಂಪೂ ಹಾಕ್ಬೇಕು."

"ಹೂಂ. ಚಿಕ್ಕವಳಿದ್ದಾಗ್ಲಿಂದ್ಲೂ ಹೀಗೇ ನೀನು. ಏನಾದ್ರೂ ಕೇಳಿದ್ರೆ ಕೈಯಲ್ಲಿ ಕೆಲಸ ಇರುತ್ತೆ." ಅಕ್ಕ ಒಂದು ಉಸಿರು ಬಿಟ್ಟಳು. "ನಾಕು ದಿನ ನಮ್ಮನೆಗೆ ಬಾ. ಆ ಬೋಳನ್ನೂ ಕಟ್ಕೊಂಡು ಬಾ. ನಮ್ಮಲ್ಲಿ ಎಲ್ರೂ ಸೀನ್ತಾರೆ, ಯಾರೂ ಸತ್ತಿಲ್ಲ."

"ನೋಡೋಣ."

"ನೋಡೋಣ ಅಂದ್ರೆ ಬರಲ್ಲ ಅಂತ. ಇಡ್ತೀನಿ."

ಅಕ್ಕ ಹೇಳುವುದು ಸರಿ ಎಂದು ಅವಳಿಗೆ ಗೊತ್ತಿತ್ತು. ಅಕ್ಕ ಹೇಳುವುದು ಯಾವಾಗಲೂ ಸರಿಯೇ ಇರುತ್ತದೆ, ಅದರಿಂದ ಇವತ್ತಿನ ಊಟದ ಹೊತ್ತಿಗೆ ಮಾತ್ರ ಉಪಯೋಗವಿರುವುದಿಲ್ಲ.

ಶಾಂಪೂ ಹೊಸದು. ಚರ್ಮರೋಗದ ಪ್ರಾಣಿಗಳಿಗೆಂದು ಮಾಡಿದ್ದು, ವಾಸನೆ ಇಲ್ಲದ್ದು. ಅದನ್ನು ಕೇಳಿದಾಗ ಕ್ಲಿನಿಕ್ಕಿನ ಕಾಂಪೌಂಡರ್ ಅವಳನ್ನೊಮ್ಮೆ ನೋಡಿ, "ವಾಸನೆ ಹೋಗ್ಲಿ ಅಂತ್ಲೇ ಅಲ್ವಾ ಮೇಡಂ ವಾಸನೆ ಹಾಕಿರೋದು? ಇದನ್ನ ಯಾರೂ ಕೇಳಲ್ಲ" ಎನ್ನುತ್ತ ಕಪಾಟಿನ ಹಿಂದಿನಿಂದ ಧೂಳು ಕೊಡವಿ ತೆಗೆದುಕೊಟ್ಟಿದ್ದ. ಪೆಟ್ಟಿಗೆಯೊಳಗೆ ಮಡಚಿಟ್ಟ ಬಳಕೆಯ ಚೀಟಿ. ಅದನ್ನು ಬಿಡಿಸಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಭಾಷಾಂತರ ತನ್ನದೇ.

ಕಾಲೇಜಿನಲ್ಲಿ ಅವಳು ತತ್ವಶಾಸ್ತ್ರ ಓದಿದವಳು. ಮನುಷ್ಯನ ಸ್ವಾತಂತ್ರ್ಯ ಎಂಬ ವಿಷಯದ ಮೇಲೆ ದಪ್ಪನೆಯ ಪ್ರಬಂಧ ಬರೆದು ಪದಕ ತಗೊಂಡಿದ್ದಳು. ಈಗ ಮಾತ್ರೆ, ಮುಲಾಮು, ಮಿಕ್ಸಿಗಳ ಜೊತೆ ಬರುವ ಚೀಟಿಗಳನ್ನು ಭಾಷಾಂತರಿಸುತ್ತಾಳೆ. ಮಕ್ಕಳ ಕೈಗೆ ಸಿಗದಂತೆ ಇಡಿ. ಒದ್ದೆ ಕೈಯಿಂದ ಮುಟ್ಟಬೇಡಿ. ತೆರೆದ ಮೇಲೆ ಬೇಗ ಮುಗಿಸಿ. ಬದುಕಿನಲ್ಲಿ ಅವಳು ಇಷ್ಟು ಜನರಿಗೆ ಇಷ್ಟು ಖಚಿತವಾಗಿ ಅಪ್ಪಣೆ ಕೊಟ್ಟದ್ದು ಬೇರೆಲ್ಲೂ ಇಲ್ಲ.

ಶಾಂಪೂವಿನ ಚೀಟಿಯ ಕೊನೆಯ ಸಾಲು: ಅಪೇಕ್ಷಿತ ಫಲಿತಾಂಶ ದೊರೆಯುವವರೆಗೆ ಪುನರಾವರ್ತಿಸಿ. ಈ ಸಾಲು ಬಂದಾಗ ಅವಳು ಕಂಪನಿಗೆ ಕೇಳಿದ್ದಳು: ಅಪೇಕ್ಷೆ ಯಾರದು, ಬಳಸುವವರದೋ, ಪ್ರಾಣಿಯದೋ? ಕಂಪನಿಯವರು ಉತ್ತರ ಕೊಡಲಿಲ್ಲ. ಅವಳೂ ಹಾಗೇ ಬಿಟ್ಟಿದ್ದಳು.

ಬೋಳನ ಕತ್ತಿನ ಮಡಿಕೆ ಬಿಡಿಸಿ ಉಜ್ಜಿದಳು. ಕಂಕುಳು ಉಜ್ಜಿದಳು. ಬೆರಳಿನ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಕಪ್ಪಗೆ ಕೂತಿದ್ದನ್ನು ಹತ್ತಿಯಲ್ಲಿ ಒಂದೊಂದಾಗಿ ತೆಗೆದಳು. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅದು ಅವಳ ತೋಳನ್ನು ಮೊಣಕೈವರೆಗೆ ಗೀರಿತು. ಗೀರಿದಲ್ಲಿ ಶಾಂಪೂ ಉರಿಯಿತು. "ಆಯ್ತು, ಆಯ್ತು" ಎನ್ನುತ್ತಲೇ ಇದ್ದಳು, ಏನೂ ಆಗಿರಲಿಲ್ಲ. ನೀರು ಹೊಯ್ದು ಕತ್ತಿನ ಹಿಂದೆ ಮೂಗಿಟ್ಟು ನೋಡಿದಳು. ಇನ್ನೂ ಇತ್ತು. ಎರಡನೆಯ ಸಲ ಉಜ್ಜಿದಳು. ಕಂಕುಳಲ್ಲಿ ಒಂದಿಷ್ಟು ಉಳಿದಿತ್ತು. ಮೂರನೆಯ ಸಲಕ್ಕೆ ಬೋಳ ಕಿರುಚುವುದನ್ನು ನಿಲ್ಲಿಸಿತು. ಕಾಲು ಕೆಳಗೆ ಬಿಟ್ಟು, ಟಬ್ಬಿನ ಅಂಚನ್ನು ನೋಡುತ್ತ, ಏನು ಬೇಕಾದರೂ ಮಾಡಿಕೋ ಎಂದು ನಿಂತಿತು. ಕಿರುಚಿದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು, ಆದರೆ ಕೈ ನಿಲ್ಲಿಸಲಿಲ್ಲ.

ಕೊನೆಗೆ ಮೂಗಿಟ್ಟಾಗ ಏನೂ ಇರಲಿಲ್ಲ. ಬಿಸಿ ಇತ್ತು, ನಡುಕ ಇತ್ತು, ಚರ್ಮದಡಿಯಲ್ಲಿ ಎದೆ ಬಡಿಯುತ್ತಿತ್ತು. ವಾಸನೆ ಮಾತ್ರ ಇರಲಿಲ್ಲ. ಅವಳಿಗೆ ಗೆದ್ದ ಸಂತೋಷವಾಯಿತು, ಅದರ ಬೆನ್ನಿಗೇ ಅಳು ಬಂತು. ಅಳಲು ಹೊತ್ತಿರಲಿಲ್ಲ. ಕಿವಿಯ ಹತ್ತಿ ತೆಗೆದು, ಒಣ ಟವೆಲಿನಲ್ಲಿ ಸುತ್ತಿ, ನಡುಗುತ್ತದಲ್ಲ ಪಾಪ ಎಂದು ಎಂದಿನ ಹಾಗೆ ಸ್ವೆಟರಿನೊಳಗೆ ಬಿಟ್ಟುಕೊಂಡಳು.

ಇನ್ನೊಂದು ವಸ್ತು ಉಳಿದಿತ್ತು. ಮೇಜಿನ ಕೆಳಗಿನ ಖಾನೆಯಲ್ಲಿ ಬೋಳ ಮಲಗುವ, ಅವಳದೇ ಹಳೆಯ ಶಾಲು. ಒಗೆಯಲು ತೆಗೆದುಕೊಂಡು ಹೋಗಿ, ಒಗೆಯಲು ಮನಸ್ಸಾಗದೆ, ಬಿಸಾಡಲೂ ಆಗದೆ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಗಂಟು ಹಾಕಿ ಹಿಂದಿನ ಬಾಲ್ಕನಿಯಲ್ಲಿ ಇಟ್ಟಿದ್ದಳು.

ಬಾಗಿಲ ಗಂಟೆ ಹೊಡೆಯಿತು.

ಗಂಡ ಒಳಗೆ ಬಂದು ಚಪ್ಪಲಿ ಬಿಡುತ್ತಲೇ ಮೂಗನ್ನು ಸ್ವಲ್ಪ ಮೇಲೆತ್ತಿದ. ಅವನ ಹಿಂದೆ ಡ್ರೈವರ್, ಅವನ ಕೈಯಲ್ಲಿ ಬೆತ್ತದ ಬುಟ್ಟಿ. ಬುಟ್ಟಿ ಎಂದರೆ ಗೂಡಿನಷ್ಟು ದೊಡ್ಡದು, ಮುಂದೆ ಒಂದು ಪುಟ್ಟ ಬಾಗಿಲು. ಮ್ಯಾನೇಜರ್ ಮನೆಯಲ್ಲಿ ಹಿಂದೆ ನಾಯಿ ಇತ್ತಂತೆ.

"ಕೂತ್ಕೊಳ್ಳಿ" ಅಂದಳು.

"ಪರವಾಗಿಲ್ಲಮ್ಮ, ನಿಂತಿರ್ತೀನಿ." ಡ್ರೈವರ್ ಬುಟ್ಟಿಯನ್ನು ಬಾಗಿಲ ಪಕ್ಕ ಇಟ್ಟ. "ಅದು ಮಲಗೋ ಬಟ್ಟೆ ಏನಾದ್ರೂ ಇದ್ರೆ ಒಗೀದೆ ಹಾಗೇ ಹಾಕ್ಬೇಕಂತೆ. ನಮ್ಮ ಮೇಡಂ ಹೇಳಿದಾರೆ. ತನ್ನ ವಾಸನೆ ಇದ್ರೆ ಹೊಸ ಜಾಗಕ್ಕೆ ಬೇಗ ಒಗ್ಗುತ್ತಂತೆ."

"ಇನ್ನೂ ಏನೂ ತೀರ್ಮಾನ ಆಗಿಲ್ಲ."

"ಹಾಕಿರು" ಅಂದ ಗಂಡ. "ಇಟ್ಟಿದ್ರೆ ನಷ್ಟ ಏನಿಲ್ಲ."

ಚೀಲ ತಂದುಕೊಟ್ಟಳು. ಡ್ರೈವರ್ ಗಂಟು ಬಿಚ್ಚಿ, ಶಾಲನ್ನು ಬುಟ್ಟಿಯ ಒಳಗಿನ ತುದಿಗೆ ತಳ್ಳಿ ಹಾಸಿ, ಬಾಗಿಲು ಮುಚ್ಚಿದ. ಮದುಮಗಳ ಪೆಟ್ಟಿಗೆ ಕಟ್ಟಿದಷ್ಟು ಅಚ್ಚುಕಟ್ಟು. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಅವನಿಗೆ ಸೇರಬೇಕಾದದ್ದಲ್ಲ ಎಂದು ಗೊತ್ತಿದ್ದರೂ ಬಂತು.

ಗಂಡ ಕೈ ತೊಳೆದು ಕುರ್ಚಿಯಲ್ಲಿ ಕೂತ. ಅವನ ಬಿಳಿ ಕಪ್ಪಿನಲ್ಲಿ ಟೀ ತಂದಿಟ್ಟಳು. ಸ್ವೆಟರಿನೊಳಗಿನಿಂದ ಬೋಳನನ್ನು ತೆಗೆದು, ತೋಳು ಚಾಚಿ, ದೂರದಿಂದಲೇ ಅವನ ಮಡಿಲಲ್ಲಿ ಇಟ್ಟು, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

ಅವನು ಒಂದು ಗುಟುಕು ಎಳೆದ. ಬೋಳನ ನೆತ್ತಿಗೆ ಮೂಗು ತಂದ. ಇನ್ನೊಂದು ಗುಟುಕು. ಕತ್ತಿನ ಮಡಿಕೆ ಬಿಡಿಸಿ ಮೂಗು ಇಟ್ಟ. ಪಂಜ ಎತ್ತಿ ಬೆರಳಿನ ಸಂದಿ ನೋಡಿದ. ಬಟ್ಟಲುಗಳ ಮುಂದೆ ಹೇಗೋ ಹಾಗೆ, ಕಣ್ಣು ಅರ್ಧ ಮುಚ್ಚಿ. ಅವಳು ಕಪ್ಪಿನಲ್ಲಿ ಟೀ ಇಳಿಯುವುದನ್ನೇ ನೋಡುತ್ತಿದ್ದಳು. ಮೆಟ್ರಿಕ್ ಫಲಿತಾಂಶದ ಪಟ್ಟಿಯನ್ನೂ ಹೀಗೆ ನೋಡಿರಲಿಲ್ಲ. ಬೋಳ, ದಣಿದಿತ್ತೋ ಏನೋ, ಅವನ ತೊಡೆಯ ಮೇಲೆ ಒಂದು ಸುತ್ತು ತಿರುಗಿ ಮಲಗಿಯೇಬಿಟ್ಟಿತು. ಟೀ ಮುಗಿಯಿತು. ಅವನು ಕಪ್ಪನ್ನು ಬಗ್ಗಿಸಿ ತಳ ತೋರಿಸಿದ.

"ಸರಿ" ಅಂದ.

ಅವಳಿಗೆ ಉಸಿರು ಬಂತು. ಇಷ್ಟು ವರ್ಷದಲ್ಲಿ ಅವನು ಇಷ್ಟು ಸುಂದರವಾಗಿ ಕಂಡಿರಲಿಲ್ಲ. ನಾಲ್ಕು ಹೆಜ್ಜೆಯಲ್ಲಿ ಹತ್ತಿರ ಹೋಗಿ, ಬೋಳನನ್ನು ಎತ್ತಿಕೊಳ್ಳಲು ಬಗ್ಗಿದಳು.

ಅವನು ಸೀನಿದ. ಮತ್ತೊಮ್ಮೆ ಸೀನಿದ. ಮೂರನೆಯದಕ್ಕೆ ಬೋಳ ತಲೆ ಎತ್ತಿ ಇಬ್ಬರನ್ನೂ ನೋಡಿತು.

"ಬೆಕ್ಕಲ್ಲ" ಅಂದ, ಮೂಗು ಒರೆಸಿಕೊಳ್ಳುತ್ತ. ಅವನ ದನಿಯಲ್ಲಿ ದೂರು ಇರಲಿಲ್ಲ, ಏನೋ ಕಂಡುಹಿಡಿದ ಹುಮ್ಮಸ್ಸಿತ್ತು. "ಬೆಕ್ಕು ಸರಿ ಇದೆ. ನಿನ್ನಲ್ಲಿ ಇದೆ ಅದು. ಸ್ವಲ್ಪ ಹಿಂದೆ ಹೋಗು."

ಅವಳು ಹಿಂದೆ ಹೋದಳು.

"ಈಗ ಬಾ."

ಬಂದಳು. ಅವನು ಸೀನಿದ.

"ನೋಡಿದ್ಯಾ" ಅಂದ.

ಡ್ರೈವರ್ ಗೋಡೆಯ ಕಡೆ ನೋಡುತ್ತಿದ್ದ. ಅವಳು ಸ್ವೆಟರ್ ತೆಗೆದು ವಾಷಿಂಗ್ ಮಷೀನಿಗೆ ಹಾಕಿ, ಒಗೆದ ಬಟ್ಟೆ ಉಟ್ಟು ಬಂದಳು. ಆಗಲೂ ಸೀನಿದ. ಕೂದಲಲ್ಲಿ ಕೂತಿರುತ್ತೆ, ಅಂದ. ಮೈಯಲ್ಲೂ ಇರುತ್ತೆ, ಎಷ್ಟು ದಿನದ್ದೋ. ಸುಮ್ಮನೆ ಬೆಕ್ಕನ್ನ ಅನುಮಾನಿಸ್ತಿದ್ವಿ.

"ಸ್ನಾನ ಮಾಡ್ಕೊಂಡು ಬರ್ತೀನಿ" ಅಂದಳು.

"ಮಾಡ್ಕೊಂಡು ಬಾ." ಡ್ರೈವರ್ ಕಡೆ ತಿರುಗಿ, "ನೀನು ಸ್ವಲ್ಪ ಇರಪ್ಪ. ನೋಡ್ಕೊಂಡು ಹೇಳ್ತೀನಿ."

ಸ್ನಾನದ ಮನೆಯಲ್ಲಿ ಟಬ್ಬಿನ ತಳಕ್ಕೆ ಹಾಸಿದ ಟವೆಲ್ ಹಾಗೇ ಇತ್ತು. ಅದರ ಮೇಲೆ ನಿಂತಳು. ತನ್ನ ಸಾಬೂನಿಗೂ ವಾಸನೆ ಇಲ್ಲ, ಆದರೆ ಅದು ಇಷ್ಟು ದಿನ ಎಷ್ಟು ಕೆಲಸ ಮಾಡಿದೆ ಎಂಬುದು ಕಾಣುತ್ತಲೇ ಇದೆ. ಶಾಂಪೂವಿನ ಬಾಟಲಿ ತೆಗೆದುಕೊಂಡಳು. ಕಿವಿಯಿಂದ ಶುರುಮಾಡಿದಳು. ಕತ್ತು, ಕಂಕುಳು, ಬೆರಳಿನ ಸಂದಿ. ಉಗುರಿನ ಬುಡಕ್ಕೆ ಹತ್ತಿ. ಕೂದಲನ್ನು ನೊರೆಯಲ್ಲಿ ಮುಳುಗಿಸಿ ಹಿಂಡಿದಳು. ಗೀರಿದ ತೋಳು ಮತ್ತೆ ಉರಿಯಿತು. ಅವಳಿಗೆ ಅವಮಾನವೆನಿಸಲಿಲ್ಲ. ಅವಮಾನ ಆಮೇಲೆ ಬರುತ್ತದೆ, ಬರಲಿ, ಬೆಕ್ಕು ಮನೆಯಲ್ಲಿದ್ದರೆ ಅದರ ಜೊತೆ ಕೂತು ಪಡಬಹುದು. ಈಗ ಒಂದು ಕಪ್ ಟೀಯ ಪರೀಕ್ಷೆ ಪಾಸಾಗಬೇಕು. ಮೂರು ಸಲ ಉಜ್ಜಿದಳು. ತನ್ನ ಮುಂಗೈಗೆ ಮೂಗಿಟ್ಟಳು. ಪಾರ್ಕಿನ ಬೆಂಚಿನ ಸಂಜೆ ಅವನು ಹೇಳಿದ್ದು ಈಗ ನಿಜವೇ ಆಗಿತ್ತು.

ಹೊರಗೆ ಬಂದು, ಟವೆಲ್ ತಲೆಗೆ ಸುತ್ತಿ, ಕುರ್ಚಿಯ ಮುಂದೆ ನಿಂತಳು. ಚಳಿಗೆ ನಡುಗುತ್ತಿದ್ದಳು. ಗಂಡ ಮೂಗನ್ನು ಸ್ವಲ್ಪ ಮೇಲೆತ್ತಿದ. ಇನ್ನೊಂದು ಕಪ್ ಟೀ ಅವನೇ ಮಾಡಿಕೊಂಡು ಬಂದು, ಬೋಳನನ್ನು ಮತ್ತೆ ಮಡಿಲಲ್ಲಿ ಮಲಗಿಸಿಕೊಂಡಿದ್ದ. ಒಂದು ಗುಟುಕು ಎಳೆದ. ಕಾದ. ಇನ್ನೊಂದು ಎಳೆದ.

"ಸರಿ" ಅಂದ. "ಬೆಕ್ಕು ಇರ್ಲಿ. ಇನ್ಮೇಲೆ ವಾರಕ್ಕೊಂದ್ಸಲ ಇಬ್ರೂ ಹೀಗೇ ಮಾಡಿದ್ರಾಯ್ತು."

ನಗೆಯಾಡಲೆಂದೇ ಹೇಳಿದ್ದಿರಬೇಕು. ಅವಳೂ ನಕ್ಕಳು. ಗೆದ್ದದ್ದಂತೂ ಹೌದಲ್ಲ. ಮಂಡಿಯೂರಿ, "ಬಾ ಬೋಳ" ಎಂದು ಕೈ ಚಾಚಿದಳು.

ಬೋಳ ಕಣ್ಣು ತೆರೆಯಿತು. ಅವಳ ಬೆರಳುಗಳನ್ನು ಮೂಸಿತು. ಮತ್ತೊಮ್ಮೆ, ಅಂಗೈಯಿಂದ ಮಣಿಕಟ್ಟಿನವರೆಗೆ, ನಿಧಾನವಾಗಿ ಮೂಸಿತು. ಕಿವಿ ಹಿಂದಕ್ಕೆ ಮಡಚಿಕೊಂಡಿತು. ಹಲ್ಲು ತೋರಿಸಿ ಬುಸ್ ಎಂದು, ಗಂಡನ ಮೊಣಕೈ ಸಂದಿಗೆ ಮುಖ ತೂರಿಸಿಕೊಂಡಿತು.

"ಅರೆ, ನಿನ್ನ ಗುರುತೇ ಹತ್ತಲಿಲ್ಲ ಇದಕ್ಕೆ" ಅಂದ ಗಂಡ. ಅದರ ಬೆನ್ನು ಸವರಿದ. ಆ ಬಿಸಿಗೆ ಅವನ ಕೈ ಅಲ್ಲೇ ನಿಂತಿತು. "ಇರ್ಲಿ ಬಿಡು. ನನ್ನ ಹತ್ರ ಮಲಗಿರುತ್ತೆ."

ಮತ್ತೆ ಕೈ ಚಾಚಿದಳು. ಬೋಳ ಈ ಸಲ ಮೂಸುವ ಗೋಜಿಗೂ ಹೋಗಲಿಲ್ಲ. ಪಂಜದಿಂದ ಹೊಡೆಯಿತು.

ಡ್ರೈವರ್ ಕೆಮ್ಮಿದ. "ಹಾಗಾದ್ರೆ ಬುಟ್ಟಿ ವಾಪಸ್ ತಗೊಂಡು ಹೋಗ್ಲಾ ಸಾರ್?"

"ಹೂಂ, ತಗೊಂಡು ಹೋಗು."

ಬುಟ್ಟಿ ನೆಲದಿಂದ ಮೇಲೆದ್ದಿತು.

"ಇಡಿ" ಅಂದಳು ಅವಳು.

ಡ್ರೈವರ್ ಗಂಡನ ಮುಖ ನೋಡಿದ. ಅವಳು ಮಂಡಿಯಲ್ಲೇ ಸರಿದು ಹೋಗಿ ಬುಟ್ಟಿಯನ್ನು ಎರಡೂ ಕೈಯಿಂದ ಕೆಳಗಿಳಿಸಿ, ಪುಟ್ಟ ಬಾಗಿಲು ತೆರೆದಳು. ಒಳಗಿನಿಂದ ಹಿಟ್ಟಿನ ವಾಸನೆ ಬಂತು. ಎಲ್ಲ ಇತ್ತು ಅಲ್ಲಿ, ಬೋಳನದೂ, ತನ್ನದೂ, ಒಂದಕ್ಕೊಂದು ಸೇರಿ. ಕೈ ಹಾಕಿ ಶಾಲನ್ನು ಹೊರಗೆ ಎಳೆಯಬಹುದಿತ್ತು. ಎಳೆದರೆ ವಾಸನೆ ಕೋಣೆಗೆಲ್ಲ ಹರಡುತ್ತದೆ, ಅವನು ಸೀನುತ್ತಾನೆ, ಬೋಳ ಹೋಗುತ್ತದೆ. ಎಳೆಯದಿದ್ದರೆ ಬೋಳ ಮನೆಯಲ್ಲಿದ್ದೂ ತನ್ನ ಪಾಲಿಗೆ ಇರುವುದಿಲ್ಲ. ಅವಳು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಪಕ್ಕಕ್ಕಿಟ್ಟು, ಮೊದಲು ಕೈ, ಆಮೇಲೆ ತಲೆ, ಆಮೇಲೆ ಹೆಗಲನ್ನು ಒಂದು ಕಡೆ ಓರೆಮಾಡಿ ಒಳಗೆ ತೂರಿಸಿದಳು. ಬೆತ್ತ ಕಿರುಗುಟ್ಟಿತು.

ಒಳಗೆ ಬೆಳಕು ಚೌಕ ಚೌಕವಾಗಿ ಬೀಳುತ್ತಿತ್ತು. ಶಾಲಿಗೆ ಮಣಿಕಟ್ಟು ಉಜ್ಜಿದಳು. ಕತ್ತು ಉಜ್ಜಿದಳು, ಕಿವಿಯ ಹಿಂದೆ ಉಜ್ಜಿದಳು, ಒದ್ದೆ ಕೂದಲನ್ನು ಅದರಲ್ಲಿ ಹೊರಳಿಸಿದಳು. ಅವಸರ ಮಾಡಲಿಲ್ಲ. ಇದನ್ನೂ ಮೂರು ಸಲ ಮಾಡುವುದೆಂದು ಮನಸ್ಸಿನಲ್ಲಿತ್ತು.

ಹಿಂದೆ ಟೀ ಕಪ್ ತಟ್ಟೆಗೆ ತಗಲಿದ ಸದ್ದಾಯಿತು. ಗಂಡ ಉಸಿರನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ, ಸೀನು ಬರುವ ಮುಂಚೆ ಎಳೆದುಕೊಳ್ಳುವ ಹಾಗೆ.

"ಅಮ್ಮ" ಅಂದ ಡ್ರೈವರ್, ಎಲ್ಲಿ ನೋಡಬೇಕೆಂದು ತಿಳಿಯದೆ, "ಕೆಳಗೆ ಗಾಡಿ ನಿಂತಿದೆ. ಬುಟ್ಟಿ ತಗೊಂಡು ಹೋಗ್ಬೇಕಿತ್ತು."

"ಸ್ವಲ್ಪ ಇರಿ" ಅಂದಳು ಬುಟ್ಟಿಯೊಳಗಿನಿಂದ. "ಇನ್ನೊಂದು ಸಲ ಇದೆ."

ಪುಟ್ಟ ಬಾಗಿಲು ಅವಳ ಬೆನ್ನಿಗೆ ತಗಲಿ, ಮುಚ್ಚಲಾಗದೆ, ಹಾಗೇ ಆಡುತ್ತಿತ್ತು.